ರಾಣಿಕೊಳದ ಕೆಳಗಿನ ಮನೆ

ಫೆಬ್ರವರಿ ೧೧

ಗೆರೆರಾಯ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ತಿಳಿದಿರುತ್ತದೆ. ಆದರೂ ಒಡೆದಿದ್ದೀಯಲ್ಲ, ಅಷ್ಟು ಸಾಕು. ಇಪ್ಪತ್ತಾರು ವರ್ಷ ಮಾತು ಬಿಟ್ಟವನು ಮೊದಲ ಕಾಗದದಲ್ಲಿ ಕ್ಷಮೆ ಕೇಳಬೇಕು ಎಂಬುದು ನನಗೂ ಗೊತ್ತು. ಅದಕ್ಕೆ ಬೇರೆ ಕಾಗದ ಬರೆಯುತ್ತೇನೆ. ಇದು ಕೆಲಸದ ಕಾಗದ. ಇದರದ್ದೇ ಒಂದು ನಕಲು ಮಾಡಿ ಇಟ್ಟುಕೊಂಡಿದ್ದೇನೆ, ನಾಳೆ ನಗರಸಭೆಯವರಿಗೆ ತೋರಿಸಬೇಕಾಗಬಹುದು. ಆದ್ದರಿಂದ ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬಿಡಿಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡ.

ನಮ್ಮ ಬೆಟ್ಟವನ್ನು ಊರಿನಿಂದ ನೋಡಿದವರು ಕಾಡು ಎನ್ನುತ್ತಾರೆ. ಹತ್ತಿರ ಹೋದರೆ ಮರಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ, ಎಲ್ಲವೂ ಒಂದೇ ವಯಸ್ಸಿನವು. ನೆಟ್ಟ ಕಾಡು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಕಲ್ಲುಗಣಿ. ಊರಿನ ರೈಲು ನಿಲ್ದಾಣ, ಕೋರ್ಟು, ಹಳೇ ಸೇತುವೆ, ಮೂರರ ಕಲ್ಲೂ ಆ ಬೆಟ್ಟದ ಹೊಟ್ಟೆಯಿಂದ ಬಂದದ್ದು. ಬೆಟ್ಟದ ಅರ್ಧವನ್ನು ಊರು ಕಟ್ಟಿಕೊಂಡು ವಾಸ ಮಾಡುತ್ತಿದೆ, ಉಳಿದರ್ಧವನ್ನು ಭಾನುವಾರ ಹತ್ತಿ ನೋಡುತ್ತದೆ. ಮೆಟ್ಟಿಲು ಆರುನೂರ ಹನ್ನೆರಡು. ಬೋರ್ಡಿನಲ್ಲಿ ಆರುನೂರು ಅಂತಿದೆ. ಅದು ಕೆಳಗೆ ನಿಂತು ಎಣಿಸಿದವರ ಲೆಕ್ಕ.

ಬೇಡದ ಕಲ್ಲುಚೂರು, ಮಣ್ಣನ್ನೆಲ್ಲ ಗಣಿಯವರು ಬೆಟ್ಟದ ಪೂರ್ವದ ಹೆಗಲಿಗೆ ಸುರಿದರು. ಗಣಿ ನಿಂತ ಮೂರನೇ ಮಳೆಗಾಲಕ್ಕೆ ಆ ರಾಶಿ ನೀರು ಕುಡಿದು ಜಾರಿತು, ಕೆಳಗಿನ ಬೀದಿಯ ಒಂಬತ್ತು ಮನೆ ತೆಗೆದುಕೊಂಡು ಹೋಯಿತು. ಆಮೇಲೆ ಗಣಿಯ ಕೆಲಸಗಾರರೇ, ನಮ್ಮಪ್ಪನೂ ಸೇರಿ, ರಾಶಿಯ ಮೇಲ್ಗಡೆ ಒಂದು ಗುಂಡಿ ತೋಡಿದರು. ನಲವತ್ತು ಹೆಜ್ಜೆ ಉದ್ದ, ಇಪ್ಪತ್ತೆರಡು ಹೆಜ್ಜೆ ಅಗಲ. ವರ್ಷಕ್ಕೊಮ್ಮೆ ಇಳಿದು ಹೂಳು ತೆಗೆಯಲಿಕ್ಕೆ ನಾಲ್ಕೂ ಕಡೆ ಮೆಟ್ಟಿಲು. ತಳದ ಮೂಲೆಯಲ್ಲೊಂದು ಕಂಡಿ. ಮೇಲಿನಿಂದ ಬಂದ ನೀರು ಆ ಕಂಡಿಯಲ್ಲಿ ಇಳಿದು, ಬೆಟ್ಟದೊಳಗಿನ ಕಲ್ಲುಕಾಲುವೆಯಲ್ಲಿ ಸಾಗಿ, ಉತ್ತರದ ಕೊರಕಲಿಗೆ ಬೀಳಬೇಕು. ರಾಶಿಗೆ ಒಂದು ತೊಟ್ಟೂ ತಾಗಬಾರದು. ಹೆಸರು ಬಸಿಗುಂಡಿ. ಆಮೇಲೆ ರಾಶಿಯ ಮೇಲೆ ಮರ ನೆಟ್ಟರು, ಜನ ರಾಶಿಯನ್ನು ಮರೆತರು.

ಅದನ್ನು ರಾಣಿಯ ಕೊಳ ಮಾಡಿದವನು ನಾನು. ಗೈಡ್ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಬ್ಬ ಹೆಂಗಸು “ಇದೇನು?” ಅಂತ ಕೇಳಿದಳು. “ನೀರು ಬಸಿಯೋ ಗುಂಡಿ” ಅಂದೆ. ಕ್ಯಾಮೆರಾ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಮಾರನೇ ದಿನ ಇನ್ನೊಂದು ತಂಡಕ್ಕೆ “ರಾಣಿ ಸ್ನಾನ ಮಾಡ್ತಿದ್ದ ಕೊಳ, ದಂಡಯಾತ್ರೆಗೆ ಹೋದ ರಾಜ ತಿರುಗಿ ಬರಲಿಲ್ಲ, ಅವಳು ಸ್ನಾನ ಬಿಟ್ಟಳು, ಕೊಳ ಬತ್ತಿತು” ಅಂದೆ. ಹನ್ನೊಂದು ಫೋಟೋ ತೆಗೆದರು, ಒಬ್ಬಳು ಅತ್ತಳು. ಆಮೇಲೆ ನಕ್ಷೆ ಬರೆಯುತ್ತಿದ್ದ ನಿನ್ನ ಕಾಲು ಹಿಡಿದು ನಗರಸಭೆಯ ನಕ್ಷೆಯಲ್ಲೂ ಹಾಗೇ ಬರೆಸಿದೆ.

ಈಗ ನಗರಸಭೆ ಆ ಕೊಳವನ್ನು ಜೀರ್ಣೋದ್ಧಾರ ಮಾಡುತ್ತದಂತೆ. ಸೋರಿಕೆ ಮುಚ್ಚಿ, ತಳಕ್ಕೆ ಗಾರೆ ಹಾಕಿ, ನೀರು ನಿಲ್ಲಿಸಿ, ದೋಣಿ ಬಿಡುತ್ತಾರೆ. ಸೋರಿಕೆ ಅಂದರೆ ಆ ಕಂಡಿ. ಕಂಡಿ ಮುಚ್ಚಿದರೆ ನೀರು ಎಲ್ಲಿಗೆ ಇಳಿಯುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಕೆಳಗಿನ ಬೀದಿಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ. ಮೊದಲನೇ ಮನೆ ನಮ್ಮಕ್ಕನದು. ಅವಳ ಹಿಂದಿನ ಕೋಣೆಯ ಗೋಡೆಗೂ ರಾಶಿಯ ಬುಡಕ್ಕೂ ನಡುವೆ ಬಟ್ಟೆ ಒಣಗಿಸುವಷ್ಟು ಜಾಗವೂ ಇಲ್ಲ.

ನೀನು ಬೆಟ್ಟ ಅಳೆದು ಬರೆದ ಮೊದಲ ಹಾಳೆಯಲ್ಲಿ ‘ಬಸಿಗುಂಡಿ’ ಅಂತಲೇ ಇತ್ತು. ಕಾಲುವೆಯನ್ನೂ ಚುಕ್ಕಿಗೆರೆಯಲ್ಲಿ ತೋರಿಸಿದ್ದೆ. ಆ ಹಾಳೆ ಬೇಕು.

ನಿನ್ನ
ಮಾತಿನಮಲ್ಲ

•

ಮಾರ್ಚ್ ೨೦

ಗೆರೆರಾಯ,

ನಿನ್ನ ಉತ್ತರ ಬರಲಿಲ್ಲ. ನಾನು ಸುಮ್ಮನೆ ಕೂತಿಲ್ಲ ಎಂದು ತಿಳಿಸುವುದಕ್ಕೆ ಮಾತ್ರ ಇದು.

ಎಂಜಿನಿಯರ್ ಹತ್ತಿರ ಹೋಗಿದ್ದೆ. ಒಳ್ಳೆಯವನು, ಕುರ್ಚಿ ಕೊಟ್ಟ, ನೀರು ಕೊಟ್ಟ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಮೇಜಿನ ಖಾನೆಯಿಂದ ಒಂದು ಪುಸ್ತಕ ತೆಗೆದ. ನನ್ನದೇ. ‘ಬೆಟ್ಟದ ಕಿರುಪರಿಚಯ’, ಆರನೇ ಮುದ್ರಣ.

“ಒಂಬತ್ತನೇ ಪುಟದಲ್ಲಿ ನೀವೇ ಬರೆದಿದ್ದೀರಿ ಯಜಮಾನ್ರೇ. ರಾಣಿ, ಹದಿನಾರು ಸಖಿಯರು, ಕಲ್ಲಿನ ಮೆಟ್ಟಿಲು.”

“ಅದು ಸುಳ್ಳು ಸಾರ್.”

“ಬರೆಯೋರಿಗೆ ವಿನಯ ಇರಬೇಕು. ಆದ್ರೆ ಇಷ್ಟೊಂದು ಬೇಡ.”

“ವಿನಯ ಅಲ್ಲ ಸಾರ್, ಹೊಟ್ಟೆಪಾಡು. ಸಖಿಯರು ಮೊದಲನೇ ಮುದ್ರಣದಲ್ಲಿ ನಾಲ್ಕು ಜನ ಇದ್ರು. ನಾನೇ ಹೆಚ್ಚು ಮಾಡಿದ್ದು.”

ನಕ್ಕ. ಪಕ್ಕದ ಮೇಜಿನ ಗುಮಾಸ್ತನನ್ನೂ ಕರೆದು ಹೇಳಿಸಿ ನಕ್ಕ. ಆಮೇಲೆ ಗಂಭೀರವಾಗಿ, ಮರ ಇರುವ ಬೆಟ್ಟ ಜಾರುವುದಿಲ್ಲ, ಬೇರು ಹಿಡಿದುಕೊಂಡಿರುತ್ತದೆ, ಇದು ಮೊದಲ ವರ್ಷದ ಪಾಠ ಅಂದ. ಬೇರು ಹಿಡಿದುಕೊಂಡಿರುವುದೇ ಕಲ್ಲುಚೂರನ್ನು, ಆ ಚೂರು ಯಾವುದನ್ನೂ ಹಿಡಿದುಕೊಂಡಿಲ್ಲ ಸಾರ್ ಎಂದೆ. ದಾಖಲೆ ತನ್ನಿ ಅಂದ. ನಗರಸಭೆಯಲ್ಲಿರುವ ದಾಖಲೆ ಒಂದೇ, ನೀನು ಬರೆದ ನಕ್ಷೆ. ಅದರಲ್ಲಿ ಚೆಂದದ ಅಕ್ಷರದಲ್ಲಿ ರಾಣಿಯ ಕೊಳ ಅಂತಿದೆ. ಅಷ್ಟು ಚೆಂದ ಬರೆಯಬಾರದಿತ್ತು ಮಾರಾಯ.

ಮೂವತ್ತೇಳು ವರ್ಷ ಸುಳ್ಳು ಹೇಳಿದೆ, ಒಬ್ಬನೂ ದಾಖಲೆ ಕೇಳಲಿಲ್ಲ.

ಮೊದಲ ಹಾಳೆ ಕಳಿಸು. ನನಗೆ ಒಂದಕ್ಷರ ಬರೆಯಬೇಡ, ಹಾಳೆಯನ್ನಷ್ಟೇ ಲಕೋಟೆಗೆ ಹಾಕು.

ಮಾತಿನಮಲ್ಲ

•

ಏಪ್ರಿಲ್ ೨

ಎರಡೂ ಕಾಗದ ತಲುಪಿದವು.

ಆ ಹಾಳೆ ಇಲ್ಲ. ನಮ್ಮ ವಿಭಾಗದಲ್ಲಿ ಒಂದು ಕ್ರಮವಿತ್ತು. ಶುದ್ಧಪ್ರತಿಗೆ ಮೇಲಿನವರ ಸಹಿ ಬಿದ್ದ ದಿನವೇ ಕರಡು ಹಾಳೆಯನ್ನು ಹರಿದು ಹಾಕಬೇಕು. ಒಂದು ಜಾಗಕ್ಕೆ ಎರಡು ನಕ್ಷೆ ಇರಬಾರದು. ಇದ್ದರೆ ಯಾರೋ ಒಬ್ಬ ತಪ್ಪು ನಕ್ಷೆ ಹಿಡಿದು ಬಾವಿ ತೋಡುತ್ತಾನೆ. ಬೇರೆಯವರು ಹರಿಯದೆ ಮೂಲೆಗೆಸೆಯುತ್ತಿದ್ದರು. ನಾನು ಎಂಟು ಚೂರು ಮಾಡಿ ಹರಿಯುತ್ತಿದ್ದೆ. ನನ್ನ ಕೆಲಸ ಯಾವಾಗಲೂ ಅಚ್ಚುಕಟ್ಟು.

ನೀನು ಕಾಗದದಲ್ಲಿ ಬಿಟ್ಟದ್ದನ್ನು ನಾನು ಸೇರಿಸುತ್ತೇನೆ, ನಕಲು ಸರಿಯಾಗಿರಲಿ. ನಕ್ಷೆಯ ಎರಡನೇ ಮುದ್ರಣಕ್ಕೆ ಹೆಸರು ತಿದ್ದಿಬಿಡೋಣ ಎಂದು ನಾನು ಹೇಳಿದೆ. ನೀನು ಮೆಟ್ಟಿಲ ಮೇಲೆ ಕೂತು, “ತಿದ್ದಿದರೆ ನನ್ನ ಬಾಯಿ ಹೊಲಿದ ಹಾಗೆ” ಎಂದೆ. ನಾನು ತಿದ್ದಲಿಲ್ಲ. ಬೇರೊಂದು ಊರಿಗೆ ವರ್ಗ ಕೇಳಿಕೊಂಡೆ. ದಿನಾ ಆ ನಕ್ಷೆಯನ್ನು ಗೋಡೆಯ ಮೇಲೆ ನೋಡುವುದು ನನ್ನಿಂದಾಗಲಿಲ್ಲ. ನೀನು ಅದನ್ನು ಮುನಿಸು ಎಂದುಕೊಂಡೆ. ಬೀಳ್ಕೊಡಲಿಕ್ಕೂ ಬರಲಿಲ್ಲ.

ನಿನ್ನಕ್ಕ ಚೆನ್ನಾಗಿದ್ದಾಳೆಯೇ? ಬೆಟ್ಟ ಅಳೆಯುವಾಗ ನನ್ನ ಅಂಗಿಯ ತೋಳು ಹರಿದಿತ್ತು. ಹೊಲಿದುಕೊಟ್ಟಿದ್ದಳು.

(ಸಹಿ ಹಾಕಿಲ್ಲ, ಕಾರಣವಿದೆ.)

•

ಏಪ್ರಿಲ್ ೯

ಗೆರೆರಾಯ,

ಬೀಳ್ಕೊಡಲಿಕ್ಕೆ ಬಂದಿದ್ದೆ. ನಿಲ್ದಾಣದ ಗಡಿಯಾರದ ಕೆಳಗೆ ನಿಂತಿದ್ದೆ, ಕಂಬದ ಹಿಂದೆ. ನೀನು ಪೆಟ್ಟಿಗೆಗಳನ್ನು ಎರಡು ಸಲ ಎಣಿಸಿದೆ. ಐದು ಇದ್ದವು. ಹತ್ತಿರ ಬಂದರೆ ನೀನು ನಕ್ಷೆಯ ಮಾತು ಎತ್ತುತ್ತೀಯ, ನಾನು ಒಪ್ಪಿಕೊಳ್ಳಬೇಕಾಗುತ್ತದೆ ಅಂತ ಬರಲಿಲ್ಲ. ಕ್ಷಮೆಯ ಕಾಗದ ಬೇರೆ ಬರೆಯುತ್ತೇನೆ ಅಂದಿದ್ದೆನಲ್ಲ, ಅದು ಇಷ್ಟೇ. ಉದ್ದ ಮಾಡಿದರೆ ಸುಳ್ಳು ಸೇರಿಕೊಳ್ಳುತ್ತದೆ.

ಹಾಳೆ ಹೋಯಿತು, ಸರಿ. ಬದುಕಿರುವ ಸಾಕ್ಷಿ ಯಾರು ಅಂತ ಲೆಕ್ಕ ಹಾಕಿದೆ. ಗುಂಡಿ ತೋಡಿದವರಲ್ಲಿ ಒಬ್ಬನೂ ಇಲ್ಲ. ತೋಡುವಾಗ ನೋಡಿದವರಲ್ಲಿ ಉಳಿದವಳು ಒಬ್ಬಳೇ, ನಮ್ಮಕ್ಕ. ಆಗ ಅವಳಿಗೆ ಹತ್ತು ವರ್ಷ. ಅಪ್ಪನಿಗೆ ಊಟದ ಡಬ್ಬಿ ಹೊತ್ತು ದಿನಾ ಮೇಲಕ್ಕೆ ಹೋಗುತ್ತಿದ್ದಳು. ನಾನಿನ್ನೂ ಕೈಗೂಸು. ಇವಳಿಗಿಂತ ದೊಡ್ಡ ದಾಖಲೆ ಬೇಕೆ?

ಎಂಜಿನಿಯರನ್ನು ಕರೆದುಕೊಂಡೇ ಹೋದೆ. ಅಕ್ಕ ಎಂದಿನಂತೆ ಮುಂದಿನ ಕೋಣೆಯಲ್ಲಿ, ಬೀದಿಗೆ ತೆರೆಯುವ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಈಗಲೂ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮಲಗುವುದೂ ಅಲ್ಲೇ, ಮಿಷನ್ನಿನ ಪಕ್ಕ. ಹಿಂದಿನ ಕೋಣೆಯಲ್ಲಿ ಬಟ್ಟೆಯ ಗಂಟು ಬಿಟ್ಟರೆ ಏನಿಲ್ಲ.

“ಅಮ್ಮಾ, ಮೇಲಿನ ಕೊಳದ ಬಗ್ಗೆ ನಿಮಗೇನು ನೆನಪಿದೆ?” ಎಂದು ಕೇಳಿದ.

“ಎಲ್ಲಾ ನೆನಪಿದೆ. ನಮ್ಮಪ್ಪ ಅಲ್ಲೇ ಕೆಲಸ ಮಾಡಿದ್ದು. ರಾಣಿ ಕೊಳ ಹಾಳಾಗಿತ್ತಲ್ಲ, ಅದನ್ನ ಅಪ್ಪನೋರು ರಿಪೇರಿ ಮಾಡಿದ್ರು.”

ನಾನು ತಡೆದೆ. “ಅಕ್ಕಾ, ರಿಪೇರಿ ಅಲ್ಲ, ಹೊಸದಾಗಿ ತೋಡಿದ್ದು. ನೀರು ಬಸಿಯೋದಕ್ಕೆ.”

“ನಿಂಗೇನು ಗೊತ್ತು, ತೊಟ್ಟಿಲಲ್ಲಿದ್ದೆ. ಅಪ್ಪನೇ ನಂಗೆ ಹೇಳಿದ್ದು. ರಾಜ ದಂಡಯಾತ್ರೆಗೆ ಹೋದ, ರಾಣಿ ಕಾದಳು ಕಾದಳು, ಹದಿನಾರು ಜನ ಸಖಿಯರು…”

“ಅಪ್ಪ ಯಾವಾಗ ಹೇಳಿದ? ನಾನು ಹೇಳಿದ್ದು ಅಕ್ಕಾ! ಇದೇ ಮನೇಲಿ, ನೀನು ಅಂಗಿಗೆ ಗುಂಡಿ ಹಾಕ್ತಾ ಕೂತಿದ್ದಾಗ!”

ಅಕ್ಕ ಕತ್ತರಿ ಕೆಳಗಿಟ್ಟು ಎಂಜಿನಿಯರ್ ಕಡೆ ತಿರುಗಿದಳು. “ನೋಡಿ ಸಾರ್, ಎಲ್ಲಾನೂ ತನ್ನದೇ ಅಂತಾನೆ. ಚಿಕ್ಕಂದಿನಿಂದ ಹೀಗೇ. ಅಪ್ಪನ ಕಥೆನೂ ಬಿಡಲ್ಲ.”

ಅವಳು ಸುಳ್ಳು ಹೇಳುತ್ತಿರಲಿಲ್ಲ ಗೆರೆರಾಯ. ಕಣ್ಣು ತುಂಬಿಕೊಂಡು ಹೇಳುತ್ತಿದ್ದಳು. ಅಪ್ಪ ಕಲ್ಲಿನ ಮೇಲೆ ಕೂತು, ಡಬ್ಬಿಯ ಮುಚ್ಚಳದಲ್ಲಿ ನೀರು ಕುಡಿಯುತ್ತಾ ಹೇಳಿದನಂತೆ. ಮುಚ್ಚಳದ ನೆಗ್ಗು ಸಮೇತ ನೆನಪಿದೆ ಅವಳಿಗೆ. ಅಪ್ಪ ನಿಜವಾಗಿ ಅಲ್ಲಿ ಕೂತು ಮಗಳಿಗೆ ಏನು ಹೇಳಿದ್ದನೋ, ಅದನ್ನು ತೆಗೆದು ಹೊರಗೆ ಹಾಕಿ ನನ್ನ ರಾಣಿ ಆ ಜಾಗದಲ್ಲಿ ಕೂತಿದ್ದಾಳೆ. ಕೇಳೋಣವೆಂದರೆ ಅಪ್ಪ ಇಲ್ಲ.

ಎಂಜಿನಿಯರ್ ಎಲ್ಲವನ್ನೂ ಬರೆದುಕೊಂಡ. ‘ಸ್ಥಳೀಯ ಹಿರಿಯ ಮಹಿಳೆಯ ಹೇಳಿಕೆ’ ಅಂತ.

ಇನ್ನು ನೀನೊಬ್ಬನೇ. ಕಾಲುವೆಯನ್ನು ಅಳೆದವನು ನೀನು. ಒಂದು ಹೇಳಿಕೆ ಬರೆದುಕೊಡು. ಮಳೆಗೆ ಎಂಟು ವಾರ ಇದೆ.

ಮಾತಿನಮಲ್ಲ

•

ಏಪ್ರಿಲ್ ೨೮

ಹೇಳಿಕೆ ಲಗತ್ತಿಸಿದ್ದೇನೆ. ಒಂದೇ ಪುಟ. ಬರೆಯಲು ಮೂರು ದಿನ ಹಿಡಿಯಿತು. ಬಲಗೈ ನಡುಗುತ್ತದೆ, ನಾಲ್ಕು ವರ್ಷವಾಯಿತು; ಹೋದ ಕಾಗದಕ್ಕೆ ಸಹಿ ಹಾಕದೆ ಇದ್ದದ್ದೂ ಅದಕ್ಕೇ. ಚಹಾ ಲೋಟವನ್ನೂ ಮಗಳು ಅರ್ಧ ತುಂಬಿಸಿ ಕೊಡುತ್ತಾಳೆ. ಬರೆದುಕೊಡಲೇ ಎಂದು ಕೇಳಿದಳು. ಹೇಳಿಕೆ ಸ್ವಂತ ಕೈಯದ್ದಾಗಿರಬೇಕು ಎಂದು ಬೇಡವೆಂದೆ. ಅಕ್ಷರ ನೋಡಿ ನಗಬೇಡ.

ಇನ್ನೊಂದು ದಾರಿ ಇದೆ. ಕಾಲುವೆ ಎಲ್ಲಿ ಹೊರಬೀಳುತ್ತದೆಂದು ನಾವು ಹೇಗೆ ಕಂಡುಹಿಡಿದೆವು, ನೆನಪಿದೆಯೇ? ಬಡಗಿಯ ಅಂಗಡಿಯಿಂದ ಒಂದು ಮೂಟೆ ಮರದ ಹೊಟ್ಟು ತಂದು ಕಂಡಿಗೆ ಸುರಿದೆವು. ಮೇಲಿನಿಂದ ಹದಿನೆಂಟು ಕೊಡ ನೀರು ಬಿಟ್ಟೆ. ನೀನು ಕೊರಕಲಿನಲ್ಲಿ ಕಾದು ಕೂತಿದ್ದೆ. ಒಂದು ಗಂಟೆ ಏಳು ನಿಮಿಷಕ್ಕೆ ಹೊಟ್ಟು ಹೊರಬಂತು. ನೀನು ಕೆಳಗಿನಿಂದ ಕೂಗಿದ್ದು ಊರಿಗೆಲ್ಲ ಕೇಳಿಸಿತು. ಅದನ್ನೇ ಎಂಜಿನಿಯರ್ ಎದುರು ಮಾಡು. ಹಾಳೆಯನ್ನು ಹರಿಯಬಹುದು, ನೀರಿನ ದಾರಿಯನ್ನು ಹರಿಯಲಾಗದು. ತಡಮಾಡಬೇಡ.

ಬೆಟ್ಟದ ಕೆಲಸದಲ್ಲಿ ನನಗೆ ಇಷ್ಟವಾದ ದಿನ ಅದೊಂದೇ.

ಗೆರೆರಾಯ

•

ಮೇ ೧೫

ಗೆರೆರಾಯ,

ನಿನ್ನ ಕಾಗದ ಬಂದದ್ದು ಸೋಮವಾರ ಬೆಳಿಗ್ಗೆ. ಹನ್ನೊಂದಕ್ಕೆಲ್ಲ ನಾನು ಹೊಟ್ಟಿನ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಮುನ್ನೂರಕ್ಕೆ ಒಂದು ಸಲ, ಐನೂರಕ್ಕೆ ಎರಡು ಸಲ ಕೂತೆ. ಮೇಲೆ ಹೋದರೆ ಗಾರೆ ಮೇಸ್ತ್ರಿ ತಳದಲ್ಲಿ ನಿಂತು ಕೈ ತೊಳೆಯುತ್ತಿದ್ದ.

“ಮೂಲೇಲಿ ಒಂದು ಕಂಡಿ ಇತ್ತಲ್ಲಪ್ಪ?”

“ಆ ಇಲಿಬಿಲಾನಾ? ಶನಿವಾರಾನೇ ಮುಚ್ಚಿಯಾಯ್ತಲ್ಲಜ್ಜಾ. ಒಂಬತ್ತು ಬುಟ್ಟಿ ಕಾಂಕ್ರೀಟು ಕುಡೀತು, ಬಡ್ಡೀಮಗಂದು. ಯಾವ ಇಲಿ ಕೊರೆದಿತ್ತೋ!”

ಮೂಟೆಯನ್ನು ಅಲ್ಲೇ ಬಿಟ್ಟು ಬಂದೆ. ಗಾರೆ ಬೇಗ ಒಣಗಬಾರದು, ಮೇಲೆ ಹೊದಿಸುತ್ತೇವೆ ಅಂತ ಅವರೇ ಇಟ್ಟುಕೊಂಡರು.

ಅಲ್ಲಿಂದ ನೇರ ಎಂಜಿನಿಯರ್ ಹತ್ತಿರ, ನಿನ್ನ ಹೇಳಿಕೆ ಹಿಡಿದು. ಎರಡು ಸಲ ಓದಿದ. ಈ ಸಲ ನಗಲಿಲ್ಲ, ಮುಖದಲ್ಲಿ ಸ್ವಲ್ಪ ಚಿಂತೆ ಕಂಡಿತು, ನನಗೆ ಜೀವ ಬಂತು. ಗುಮಾಸ್ತನಿಂದ ನಿನ್ನ ಹಳೇ ಸೇವಾಪುಸ್ತಕ ತರಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟ.

“ಯಜಮಾನ್ರೇ, ಈ ಸಹಿ ಅವರದಲ್ಲ.”

“ಅವರದೇ ಸಾರ್. ಕೈ ನಡುಗುತ್ತೆ ಅವರಿಗೆ.”

“ನೋಡಿ, ಇಲ್ಲಿ ಅಚ್ಚು ಹೊಡೆದಂಗಿದೆ. ಇಲ್ಲಿ ಕೋಳಿ ಕೆರೆದಂಗಿದೆ. ಒಬ್ಬರೇ ಅಂತ ನಾನು ಹೇಗೆ ಬರೀಲಿ?”

“ಕೈ ನಡುಗೋದು ನಿಜ ಅಂತ ಅವರ ಹತ್ರಾನೇ ಬರೆಸಿ ತರ್ತೀನಿ.”

“ಅದಕ್ಕೂ ಸಹಿ ಬೇಕಲ್ಲ” ಎಂದು ಗುಮಾಸ್ತ ಬಾಯಿ ಹಾಕಿದ.

ಡಾಕ್ಟರ ಚೀಟಿ ತರಿಸುತ್ತೇನೆ ಎಂದೆ. ತರಿಸಿ, ಆದರೆ ಕೆಲಸ ನಿಲ್ಲಿಸುವ ಅಧಿಕಾರ ನನಗಿಲ್ಲ, ಮೇಲಿನಿಂದ ದಿನ ಗೊತ್ತಾಗಿದೆ, ಜೂನ್‌ನಲ್ಲಿ ಉದ್ಘಾಟನೆ ಅಂದ. ಎದ್ದು ಬಂದೆ. ಬಾಗಿಲ ತನಕ ಬಂದು ಬೀಳ್ಕೊಟ್ಟ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವನ ಜಾಗದಲ್ಲಿದ್ದರೆ ನನ್ನನ್ನು ನಾನೂ ನಂಬುತ್ತಿರಲಿಲ್ಲ.

ನಿನ್ನ ಹೇಳಿಕೆ ಪೂರ್ತಿ ವ್ಯರ್ಥವಾಗಲಿಲ್ಲ ಅನ್ನು. ಸಂಸ್ಕೃತಿ ವಿಭಾಗದವರು ಅದನ್ನು ಕೇಳಿ ಪಡೆದರು. ಹೊಸ ಫಲಕದಲ್ಲಿ ರಾಣಿಯ ಕಥೆಯ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ‘ಇದು ನೀರು ಬಸಿಯುವ ಗುಂಡಿಯಾಗಿತ್ತು ಎಂಬ ಇನ್ನೊಂದು ದಂತಕಥೆಯೂ ಪ್ರಚಲಿತದಲ್ಲಿದೆ.’

ಅಕ್ಷರ ಸಣ್ಣದು. ಕನ್ನಡಕ ಬೇಕು.

ಮಾತಿನಮಲ್ಲ

•

ಜೂನ್ ೩೦

ಗೆರೆರಾಯ,

ಡಾಕ್ಟರ ಚೀಟಿ ತಲುಪಿತು. ಸ್ವೀಕೃತಿ ಮೊಹರು ಹಾಕಿ ತೆಗೆದುಕೊಂಡರು. ಅಷ್ಟೇ.

ಉದ್ಘಾಟನೆ ಆಯಿತು. ಅದಕ್ಕೂ ಒಂಬತ್ತು ದಿನ ಮುಂಚೆಯೇ ಮಳೆ ಹಿಡಿದಿತ್ತು, ಹಾಗಾಗಿ ಕೊಳ ತುಂಬಿಸುವ ಶ್ರಮ ನಗರಸಭೆಗೆ ತಪ್ಪಿತು. ನೀರು ಮೇಲಿನಿಂದ ಹದಿನಾಲ್ಕನೇ ಮೆಟ್ಟಿಲವರೆಗೂ ಬಂದಿದೆ. ನಿಜ ಹೇಳುತ್ತೇನೆ, ನೋಡಲು ಬಹಳ ಚೆಂದ. ಮರಗಳ ನೆರಳು ನೀರಿನಲ್ಲಿ, ನಡುವೆ ನಾಲ್ಕು ದೋಣಿ. ನನ್ನ ಸುಳ್ಳು ಇಷ್ಟು ಚೆನ್ನಾಗಿರುತ್ತದೆಂದು ನನಗೇ ಗೊತ್ತಿರಲಿಲ್ಲ.

ನನ್ನನ್ನು ವೇದಿಕೆಗೆ ಕರೆದು ‘ಕೊಳದ ಇತಿಹಾಸವನ್ನು ಬೆಳಕಿಗೆ ತಂದವರು’ ಅಂತ ಒಂದು ಚೌಕಟ್ಟು ಹಾಕಿದ ಪತ್ರ ಕೊಟ್ಟರು. ಮೈಕು ಕೈಗೆ ಬಂತು. ಇನ್ನೂರು ಜನರ ಮುಂದೆ ಹೇಳಿದೆ: ಇಲ್ಲಿ ಯಾವ ರಾಣಿಯೂ ಇರಲಿಲ್ಲ, ನಾನು ಕಟ್ಟಿದ್ದು, ಇದು ಬಸಿಗುಂಡಿ, ಈ ನೀರು ಇಳಿದು ಕೆಳಗಿನ ಮನೆಗಳ ಮೇಲೆ ಬೆಟ್ಟವನ್ನು ತರುತ್ತದೆ. ಜನ ಉಸಿರು ಬಿಗಿಹಿಡಿದು ಕೇಳಿದರು. ಮುಗಿಸಿದಾಗ ಚಪ್ಪಾಳೆ ಬಿತ್ತು. ಹೊಸ ಗೈಡ್ ಹುಡುಗಿ, ಮೂವತ್ತರ ಗಟ್ಟಿಗಿತ್ತಿ, ಓಡಿಬಂದು, “ಅಜ್ಜಾ, ಎಂಥಾ ತಿರುವು ಕೊಟ್ರಿ! ರಾಣಿ ಶಾಪ ಅಂತ ನಾನೂ ಇದನ್ನ ಸೇರಿಸ್ಕೋತೀನಿ, ಆಗಬಹುದಾ?” ಅಂದಳು. ಆಗಬಹುದು ಎಂದೆ. ಶಾಪ ಅಂತಲಾದರೂ ಯಾರಾದರೂ ಹೆದರಲಿ.

ಕೆಳಗೆ ಬಂದು ಅಕ್ಕನ ಹಿಂದಿನ ಕೋಣೆ ನೋಡಿದೆ. ಗೋಡೆಯಲ್ಲಿ ತೇವ ಮೊಣಕಾಲುದ್ದ ಏರಿದೆ. ಪೆನ್ಸಿಲಿನಲ್ಲಿ ಗೆರೆ ಹಾಕಿ ದಿನಾಂಕ ಬರೆದೆ. ನಾಲ್ಕು ದಿನ ಬಿಟ್ಟು ಹೋದರೆ ಗೆರೆಯಿಂದ ಒಂದು ಗೇಣು ಮೇಲಿತ್ತು. ಅಕ್ಕನಿಗೆ ತೋರಿಸಿದೆ.

“ಮಳೆಗಾಲದಲ್ಲಿ ಯಾವ ಗೋಡೆ ಒದ್ದೆ ಆಗಲ್ಲ ಹೇಳು?”

“ಅಕ್ಕಾ, ಮಳೆ ಮುಗಿಯೋವರೆಗೆ ನನ್ನ ಕೋಣೆಗೆ ಬಾ. ನಾನು ಹೊರಗೆ ಮಲಗ್ತೀನಿ.”

“ನಿನ್ನ ಕೋಣೇಲಿ ಮಿಷನ್ ಎಲ್ಲಿಡ್ಲಿ, ನಿನ್ನ ತಲೆ ಮೇಲಾ? ಶಾಲೆ ಶುರುವಾಗಿದೆ, ಇನ್ನೂ ಅರವತ್ತು ಜೊತೆ ಬಾಕಿ ಇದೆ.”

ಬೇಡಿಕೊಂಡೆ. ಕೂಗಾಡಿದೆ. ಅವಳು ಮಿಷನ್ ನಿಲ್ಲಿಸಿ, ಮೆಲ್ಲಗೆ, ಕೋಪವಿಲ್ಲದೆ ಹೇಳಿದಳು:

“ನೋಡು, ನೀನು ಹೊಟ್ಟೆಪಾಡಿಗೆ ಏನೇನೋ ಸುಳ್ಳು ಹೇಳಿದೆ, ನಾನು ಯಾವತ್ತಾದ್ರೂ ಅಡ್ಡಿ ಮಾಡಿದ್ನಾ? ಈಗ ವಯಸ್ಸಾಯ್ತು, ಕೇಳೋರಿಲ್ಲ, ಹೊಸ ಹುಡುಗಿ ಬಂದಿದ್ದಾಳೆ. ನಿಂಗೆ ಬೇಜಾರು. ಅರ್ಥ ಆಗುತ್ತೆ. ಅದಕ್ಕೆ ನನ್ನ ಮನೆ ಮೇಲೆ ಬೆಟ್ಟ ಬೀಳಿಸಬೇಡ.”

ನನ್ನ ಹತ್ತಿರ ಇನ್ನೇನು ಉಳಿದಿದೆ ಹೇಳು.

ಮಾತಿನಮಲ್ಲ

•

ಜುಲೈ ೧೨

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಗ ತಲುಪಲಿ ಎಂದು. ಅಕ್ಷರ ಮಗಳದು, ಮಾತು ನನ್ನದು.

ಇನ್ನು ಕಚೇರಿಗಳಿಗೆ ಅಲೆಯುವುದು ನಿಲ್ಲಿಸು. ಆ ಗೋಡೆಯ ತೇವ ಎದೆಮಟ್ಟಕ್ಕೆ ಬಂದರೆ ಹೊರಡಲೇಬೇಕು. ಅಕ್ಕನನ್ನು ಹೇಗಾದರೂ ಆ ಮನೆಯಿಂದ ಎಬ್ಬಿಸು. ನಿಜ ಹೇಳಿ ಆಗದಿದ್ದರೆ ನಿನಗೆ ಬರುವ ವಿದ್ಯೆಯನ್ನೇ ಬಳಸು. ಇದೊಂದು ಸಲಕ್ಕೆ ನನ್ನ ಅಡ್ಡಿಯಿಲ್ಲ. ಇಲ್ಲಿ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಮಿಷನ್ನಿಗೂ ಜಾಗ ಇದೆ, ಕಿಟಕಿಯ ಹತ್ತಿರ. ಮಗಳು ಅಳೆದು ನೋಡಿದ್ದಾಳೆ.

ಗೆರೆರಾಯ

(ಮಾಮ, ಅಪ್ಪ ಹೇಳಿ ಬರೆಸುತ್ತಿದ್ದಾರೆ ನಿಜ, ಆದರೆ ಕೋಣೆ ಖಾಲಿ ಇರುವುದೂ ನಿಜ. ದಯವಿಟ್ಟು ಬನ್ನಿ.)

•

ಜುಲೈ ೨೬

ಗೆರೆರಾಯ,

ಕಾರ್ಡು ತಲುಪಿತು. ಮಗಳಿಗೆ ಹೇಳು, ಅಕ್ಷರ ನಿನ್ನದರ ಹಾಗೇ ಇದೆ, ಹಳೆಯ ಕೈಯದ್ದು.

ನೀನು ಹೇಳಿದ ಹಾಗೇ ಮಾಡಿದೆ. ಎರಡು ದಿನ ಕೂತು ಒಂದು ಸುಳ್ಳು ಕಟ್ಟಿದೆ. ಇಷ್ಟು ವರ್ಷದ ಅನುಭವವೆಲ್ಲ ಹಾಕಿ, ಒಂದು ಕಡೆಯೂ ಬಿರುಕು ಇಲ್ಲದ ಹಾಗೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು, ಡಾಕ್ಟರು ಪರೀಕ್ಷೆ ಮಾಡಿದರು, ಹೃದಯ ಅರ್ಧ ಕೆಲಸ ಮಾಡುತ್ತಿದೆ, ದೊಡ್ಡ ಆಸ್ಪತ್ರೆ ಗೆರೆರಾಯನ ಊರಿನಲ್ಲಿದೆ, ಮೂರು ತಿಂಗಳು ಅಲ್ಲಿರಬೇಕು, ಜೊತೆಗೆ ಮನೆಯವರೊಬ್ಬರು ಇರಲೇಬೇಕು. ಅಕ್ಕಾ, ನೀನು ಬರದಿದ್ದರೆ ನಾನೊಬ್ಬನೇ ಹೋಗಿ ಸಾಯುತ್ತೇನೆ.

ಐದು ತಿಂಗಳು ನಿಜ ಹೇಳಿದೆ, ಒಂದಕ್ಷರ ನಂಬಲಿಲ್ಲ. ಇದನ್ನು ಮುಗಿಸುವ ಮುಂಚೆಯೇ ನಂಬಿದಳು. ಹೊಲಿಯುತ್ತಿದ್ದ ಬಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ನನ್ನ ಮುಖ ಹಿಡಿದುಕೊಂಡು ನೋಡಿದಳು. ಗೆದ್ದೆ ಅಂದುಕೊಂಡೆ.

“ಪರ ಊರಿನ ಆಸ್ಪತ್ರೆಗೆ ಯಾಕೋ ಹೋಗ್ತೀಯಾ? ಅಲ್ಲಿ ಯಾರು ನೋಡ್ತಾರೆ? ಅವನಿಗೇ ಕೈ ನಡುಗುತ್ತೆ ಅಂತೀಯ. ಹಾಸಿಗೆ ತಗೊಂಡು ಬಾ ಇಲ್ಲಿಗೆ.”

“ಇಲ್ಲ ಅಕ್ಕಾ, ಡಾಕ್ಟರು—”

“ಡಾಕ್ಟರು ನಿನ್ನ ಎತ್ತಿ ಆಡಿಸಿದ್ದಾರಾ? ಸುಮ್ನೆ ಬಾ.”

ನಾನು ಬಾಯಿ ತೆರೆಯುವ ಮುಂಚೆಯೇ ಬೀದಿಯವರನ್ನು ಕೂಗಿದಳು. ಪಕ್ಕದ ಮನೆಯ ಚಾಲಕ, ಎದುರಿನ ಬಡಗಿ, ಇಬ್ಬರೂ ಸೇರಿ ನನ್ನ ಮಂಚ, ಪೆಟ್ಟಿಗೆ, ಚೌಕಟ್ಟಿನ ಪತ್ರ ಎಲ್ಲವನ್ನೂ ಹೊತ್ತು ತಂದರು. ಮುಂದಿನ ಕೋಣೆಯಲ್ಲಿ ಮಿಷನ್ ಸದ್ದು, ಬೀದಿಯ ಸದ್ದು, ಹೃದಯದವರಿಗೆ ಆಗದು ಅಂತ ನನ್ನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದಳು. ಬಟ್ಟೆಯ ಗಂಟುಗಳನ್ನೆಲ್ಲ ಅವಳೇ ಎತ್ತಿ ಹೊರಗೆ ಹಾಕಿದಳು. ಮೂರು ಹೊತ್ತು ಬಿಸಿನೀರು, ಮಾತ್ರೆ. ಮಾತ್ರೆಯನ್ನು ಔಷಧಿ ಅಂಗಡಿಯವನನ್ನು ಕೇಳಿ ತಂದಿದ್ದಾಳೆ, ಯಾವುದಕ್ಕೋ ಏನೋ. ನುಂಗುತ್ತಿದ್ದೇನೆ. ಎದ್ದು ಕೂತರೆ ಬೈಗಳು.

ಮೊದಲ ದಿನ ನನಗೆ ನಗುವೇ ಬಂತು. ಇರಲಿ, ಗೋಡೆಯ ಪಕ್ಕ ನಾನಿರುತ್ತೇನೆ, ಅವಳು ಮುಂದೆ ಬೀದಿಯ ಕಡೆ ಇರುತ್ತಾಳೆ, ಏನಾದರೂ ಆದರೆ ನಾನು ಕೂಗಿದರೆ ಅವಳು ಬಾಗಿಲು ದಾಟಬಹುದು ಅಂತ ಲೆಕ್ಕ ಹಾಕಿದೆ. ಲೆಕ್ಕ ಕೆಟ್ಟದಾಗಿರಲಿಲ್ಲ.

ಎರಡನೇ ದಿನ ಸಂಜೆ ತನ್ನ ಮಂಚವನ್ನೂ ಎಳೆದುಕೊಂಡು ಬಂದಳು. ರಾತ್ರಿ ನನ್ನ ಎದೆ ಹಿಡಿದುಕೊಂಡರೆ ಮುಂದಿನ ಕೋಣೆಗೆ ಕೇಳಿಸುವುದಿಲ್ಲವಂತೆ. ಕೋಣೆ ಚಿಕ್ಕದು, ನನಗೆ ಶೀತ ತಾಗಬಾರದು ಅಂತ ನನ್ನನ್ನು ಬಾಗಿಲ ಕಡೆ ಸರಿಸಿ, ತಾನು ಒದ್ದೆ ಗೋಡೆಗೆ ಒತ್ತಿಕೊಂಡು ಮಂಚ ಹಾಕಿಕೊಂಡಳು.

ಹೇಳಿದೆ ಗೆರೆರಾಯ. ಎಲ್ಲವನ್ನೂ ಹೇಳಿದೆ. ಕಾಯಿಲೆ ಸುಳ್ಳು, ನನಗೇನೂ ಆಗಿಲ್ಲ, ನಿನ್ನನ್ನು ಎಬ್ಬಿಸಲಿಕ್ಕೆ ಕಟ್ಟಿದ ಕಥೆ, ನೋಡು ಬೇಕಾದರೆ ಅಂತ ಮಂಚದಿಂದ ಇಳಿದು ಕೋಣೆಯಲ್ಲಿ ಹತ್ತು ಬಸ್ಕಿ ಹೊಡೆದು ತೋರಿಸಿದೆ. ಹತ್ತನೆಯದಕ್ಕೆ ಏದುಸಿರು ಬಂತು. ವಯಸ್ಸು ಎಪ್ಪತ್ತು, ಬರುವುದೇ. ಅಕ್ಕ ಓಡಿಬಂದಳು. ಭುಜ ಹಿಡಿದು ಮಲಗಿಸಿದಳು.

“ಕಾಯಿಲೆಯವರೆಲ್ಲ ಹೀಗೇ ಹೇಳೋದು. ನಂಗೆ ಗೊತ್ತಿಲ್ವಾ? ಅಮ್ಮನೂ ಹೀಗೇ ಹೇಳ್ತಿದ್ಲು.”

ಆಮೇಲೆ ಅವಳು ಮುಂದಿನ ಕೋಣೆಯ ಮಿಷನ್ ಮುಟ್ಟಿಲ್ಲ. ಅರವತ್ತು ಜೊತೆಯನ್ನೂ ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾಳೆ. ಹಗಲೂ ಇಲ್ಲೇ ಕೂರುತ್ತಾಳೆ, ಗೋಡೆಗೆ ಬೆನ್ನು ಕೊಟ್ಟು. ತಣ್ಣಗಿದೆ, ಬೆನ್ನುನೋವಿಗೆ ಹಿತ ಅನ್ನುತ್ತಾಳೆ. ಅವಳು ಕೂತಾಗ ತೇವ ಅವಳ ಹೆಗಲ ಮೇಲೆ ಕಾಣುತ್ತದೆ. ನಿಂತರೆ ಎದೆಮಟ್ಟ. ಆಲಿಸಿದರೆ ಗೋಡೆಯ ಹಿಂದೆ ಸಣ್ಣ ಸದ್ದಿದೆ, ಯಾರೋ ಜರಡಿ ಹಿಡಿಯುತ್ತಿರುವ ಹಾಗೆ. ಅಕ್ಕನಿಗೆ ಕೇಳಿಸುವುದಿಲ್ಲ, ಕಿವಿ ಸ್ವಲ್ಪ ಮಂದ.

ಮಳೆ ಇವತ್ತು ಬೆಳಿಗ್ಗೆಯಿಂದ ಬಿಟ್ಟಿಲ್ಲ. ನೀನು ಬರುವುದಾದರೆ ಬಾ; ನಿನ್ನ ಮಾತನ್ನಾದರೂ ಕೇಳಬಹುದು, ನೀನು ಅವಳಿಗೆ ಯಾವತ್ತೂ ಕಥೆ ಹೇಳಿದವನಲ್ಲ. ಕಾಗದ ಮುಗಿಸುತ್ತೇನೆ. ಕಣ್ಣಿಗೆ ಆಯಾಸ, ಸಾಕು ಮಲಗು, ನಾನಿದ್ದೀನಲ್ಲ ಅಂತ ಲೇಖನಿ ಕಿತ್ತುಕೊಳ್ಳುತ್ತಿದ್ದಾಳೆ.

ನಿನ್ನ
ಮಾತಿನಮಲ್ಲ